ಕಳೆದ ಮೇಲೆ ಉಳಿದ ಸದ್ದು: ರಾಬರ್ಟ್ ಹುಡ್ ಅವರ ‘ಮಿನಿಮಲ್ ನೇಷನ್’

1980ರ ದಶಕದ ಮಧ್ಯದಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಆಲ್ಫಾ ಜೂನೋ ಅನ್ನುವ ಕೀಬೋರ್ಡುಗಳನ್ನು ಹೊರತಂದಿತು. ಜೂನೋ-1 ಮತ್ತು ಜೂನೋ-2 ಅಂತ ಎರಡು. ಈ ಕುಟುಂಬದ ಕೀಬೋರ್ಡಿನಿಂದಲೇ 1991ರಲ್ಲಿ ಟೆಕ್ನೋ ಲೋಕದ, ಅಂದರೆ ಮೆಷಿನ್‌ಗಳಲ್ಲಿ ಕಟ್ಟುವ ಕುಣಿತದ ಸಂಗೀತದ ಲೋಕದ, ಅತಿ ದೊಡ್ಡ ಗದ್ದಲವೊಂದು ಹುಟ್ಟಿತು. ನ್ಯೂಯಾರ್ಕಿನ ಜೋಯಿ ಬೆಲ್ಟ್ರಾಮ್ ತಮ್ಮ ಜೊತೆಗಾರನೊಂದಿಗೆ ‘ಮೆಂಟ್ಯಾಸ್ಮ್’ ಅನ್ನುವ ಟ್ರ್ಯಾಕ್ ಮಾಡಿದರು. ಅದರ ಮುಖ್ಯ ಸದ್ದು ದಪ್ಪವಾಗಿತ್ತು, ಒರಟಾಗಿತ್ತು, ಇಡೀ ಹಾಲನ್ನೇ ತುಂಬಿಬಿಡುತ್ತಿತ್ತು. ಕಸ ಹೀರುವ ಮೆಷಿನ್ ಹಾಗೆ ಕೇಳಿಸುತ್ತದೆ ಅಂತ ಆ ಸದ್ದಿಗೆ ಅಂಥ ಮೆಷಿನ್ ಮಾಡುವ ಕಂಪನಿಯ ‘ಹೂವರ್’ ಅನ್ನುವ ಹೆಸರೇ ಬಿತ್ತು. ಮುಂದಿನ ಎರಡು ಮೂರು ವರ್ಷ ಯುರೋಪಿನ ರೇವ್‌ಗಳಲ್ಲಿ, ಅಂದರೆ ರಾತ್ರಿಯಿಡೀ ಕುಣಿಯುವ ಕೂಟಗಳಲ್ಲಿ, ಎಲ್ಲಿ ಹೋದರೂ ಅದೇ ಸದ್ದು.

ಅದೇ ಜೂನೋ-2 ಅಮೆರಿಕದ ಡೆಟ್ರಾಯಿಟ್‌ನಲ್ಲಿ ಟೆಕ್ನೋ ಸಂಗೀತಗಾರ ರಾಬರ್ಟ್ ಹುಡ್ ಅವರ ಬಳಿಯೂ ಇತ್ತು. ಅವರು ಅದರಲ್ಲಿ ಒಂದು ಸಣ್ಣ ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರಗಳ ಗೊಂಚಲು) ಕಂಡುಕೊಂಡರು. ಆರ್ಗನ್ ತರಹದ, ತೆಳುವಾದ, ಬೂದು ಬಣ್ಣದ ಸದ್ದು. ಆ ಒಂದು ಸದ್ದು, ಅದನ್ನು ನುಡಿಸುವ ಒಂದು ಪ್ಯಾಟರ್ನ್, ಇವೆರಡು ಸಿಕ್ಕ ಮೇಲೆ ಬೇರೇನೂ ಬೇಕಾಗಿಲ್ಲ ಅಂತ ತಮಗೆ ಅನ್ನಿಸಿತು ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಅಲ್ಲಿಂದ ಹುಟ್ಟಿದ್ದು 1994ರ ‘ಮಿನಿಮಲ್ ನೇಷನ್’ ಆಲ್ಬಂ. ಇವತ್ತು ಮಿನಿಮಲ್ ಟೆಕ್ನೋ, ಅಂದರೆ ಕೆಲವೇ ಸದ್ದುಗಳಲ್ಲಿ ಕಟ್ಟಿದ ಟೆಕ್ನೋ, ಅಂತ ನಾವು ಕರೆಯುವುದರ ತಳಪಾಯದ ಕಲ್ಲುಗಳಲ್ಲಿ ಇದೂ ಒಂದು.

ಈ ರೆಕಾರ್ಡನ್ನು ನಾನು ಒಂದು ಪ್ರಕರಣದ ಹಾಗೆ ಬಿಡಿಸಿ ನೋಡಬೇಕು ಅಂದುಕೊಂಡಿದ್ದಕ್ಕೆ ಕಾರಣ ಆ ಕೀಬೋರ್ಡೇ. ಮೆಷಿನ್ ಒಂದೇ ಬಗೆಯದು. ಒಬ್ಬರ ಕೈಯಲ್ಲಿ ಅದು ಎಲ್ಲವನ್ನೂ ಮುಚ್ಚಿ ಹಾಕುವ ಸದ್ದಾಯಿತು. ಇನ್ನೊಬ್ಬರ ಕೈಯಲ್ಲಿ ಎಲ್ಲವನ್ನೂ ಬಯಲು ಮಾಡುವ ಸದ್ದಾಯಿತು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಊರು ಮತ್ತು ಮನುಷ್ಯ

ಡೆಟ್ರಾಯಿಟ್ ಕಾರಿನ ಊರು. 1950ರ ಜನಗಣತಿಯಲ್ಲಿ ಅಲ್ಲಿ ಸುಮಾರು 18.5 ಲಕ್ಷ ಜನ ಇದ್ದರು. 1990ರ ಹೊತ್ತಿಗೆ ಅದು 10.3 ಲಕ್ಷದ ಆಸುಪಾಸಿಗೆ ಇಳಿದಿತ್ತು. ನಲವತ್ತು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಊರು ಖಾಲಿ. ಊರಿನ ಹೆಮ್ಮೆಯಾಗಿದ್ದ ಮೋಟೌನ್ ಸಂಗೀತ ಕಂಪನಿ ಕೂಡ 1972ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿಬಿಟ್ಟಿತ್ತು. ಹೀಗೆ ತೆರವಾದ ಜಾಗದಲ್ಲಿ 1980ರ ದಶಕದಲ್ಲಿ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಮುಂತಾದ ಕಪ್ಪು ಯುವಕರು ಡ್ರಮ್ ಮೆಷಿನ್ ಮತ್ತು ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಇಟ್ಟುಕೊಂಡು ಹೊಸ ಸಂಗೀತವೊಂದನ್ನು ಕಟ್ಟಿದರು. 1988ರಲ್ಲಿ ಬ್ರಿಟನ್ನಿನಲ್ಲಿ ಬಂದ ಒಂದು ಸಂಕಲನದ ಮೂಲಕ ‘ಟೆಕ್ನೋ’ ಅನ್ನುವ ಹೆಸರು ಊರಿನಾಚೆ ಹಬ್ಬಿತು.

ರಾಬರ್ಟ್ ಹುಡ್ ಹುಟ್ಟಿದ್ದು 1965ರಲ್ಲಿ, ಅದೇ ಡೆಟ್ರಾಯಿಟ್‌ನಲ್ಲಿ. ಅವರು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಅನ್ನುವ ಗುಂಪಿಗೆ ಸೇರಿದರು. ಮೈಕ್ ಬ್ಯಾಂಕ್ಸ್ ಮತ್ತು ಜೆಫ್ ಮಿಲ್ಸ್ ಕಟ್ಟಿದ ಗುಂಪು ಅದು. ಮುಖ ತೋರಿಸದೆ, ದೊಡ್ಡ ಕಂಪನಿಗಳ ಹಂಗಿಲ್ಲದೆ ರೆಕಾರ್ಡ್ ಬಿಡುವುದು ಅವರ ಹಟ. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಅದೇ ಬರ್ಲಿನ್‌ನ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರೊಂದರ ನೆಲಮಾಳಿಗೆಯ ಖಜಾನೆಯಲ್ಲಿ ಟ್ರೆಸರ್ ಅನ್ನುವ ಕ್ಲಬ್ ತೆರೆಯಿತು. ಆ ಕ್ಲಬ್‌ನ ಲೇಬಲ್ (ರೆಕಾರ್ಡ್ ಕಂಪನಿ) ಹೊರತಂದ ಮೊದಲ ರೆಕಾರ್ಡೇ ಈ ಡೆಟ್ರಾಯಿಟ್ ಗುಂಪಿನದು. ‘ಎಕ್ಸ್-101’ ಹೆಸರಿನಲ್ಲಿ ಬಂದ ಆ ಕೆಲಸದಲ್ಲಿ ಬ್ಯಾಂಕ್ಸ್, ಮಿಲ್ಸ್, ಹುಡ್ ಮೂವರೂ ಇದ್ದರು.

ಆಮೇಲೆ ಮಿಲ್ಸ್ ಗುಂಪು ಬಿಟ್ಟು 1992ರಲ್ಲಿ ಆಕ್ಸಿಸ್ ಅನ್ನುವ ಲೇಬಲ್ ಶುರು ಮಾಡಿದರು. ಹುಡ್ ಕೂಡ ಅವರ ಜೊತೆ ನಡೆದರು. 1993ರಲ್ಲಿ ‘ದಿ ವಿಷನ್’ ಅನ್ನುವ ಇನ್ನೊಂದು ಹೆಸರಿನಲ್ಲಿ ಟ್ರೆಸರ್‌ಗೆ ಒಂದು ರೆಕಾರ್ಡ್ ಕೊಟ್ಟರು. ಅದು ಗಟ್ಟಿ ಏಟಿನ, ಉರಿಯುವ ಟೆಕ್ನೋ. ಸ್ವಂತ ಹೆಸರಿನಲ್ಲಿ ಅವರ ದೊಡ್ಡ ಕೆಲಸಗಳು ಬಂದದ್ದು ಮರುವರ್ಷ, ಒಂದಲ್ಲ, ಎರಡು. ಆಕ್ಸಿಸ್‌ನಿಂದ ‘ಮಿನಿಮಲ್ ನೇಷನ್’. ಟ್ರೆಸರ್‌ನಿಂದ ‘ಇಂಟರ್ನಲ್ ಎಂಪೈರ್’. ಅದೇ 1994ರಲ್ಲಿ ಎಂ-ಪ್ಲಾಂಟ್ ಅನ್ನುವ ತಮ್ಮದೇ ಲೇಬಲ್ಲನ್ನೂ ತೆರೆದರು. ಮೊದಲ ಆಲ್ಬಂ ಯಾವುದು ಅಂತ ಲೆಕ್ಕ ಹಾಕುವವರು ಹಾಕಲಿ. ನನ್ನ ಮಟ್ಟಿಗೆ ಇವೆರಡೂ ಒಂದೇ ಹೆರಿಗೆಯ ಅವಳಿಗಳು. ಅವುಗಳಲ್ಲಿ ಮಾತು ಹೆಚ್ಚು ಸ್ಪಷ್ಟವಾಗಿರುವುದು ‘ಮಿನಿಮಲ್ ನೇಷನ್’ನಲ್ಲಿ.

ಏನು ಕೆಟ್ಟಿತ್ತು

1990ರ ದಶಕದ ಆರಂಭದಲ್ಲಿ ಟೆಕ್ನೋ ಓಡತೊಡಗಿತ್ತು. ನಿಮಿಷಕ್ಕೆ 120-130 ಬೀಟ್‌ಗಳಿದ್ದದ್ದು 140 ಆಯಿತು, 150 ಆಯಿತು. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್ ಕಡೆ ‘ಗ್ಯಾಬರ್’ ಅನ್ನುವ ಬಗೆ ಹುಟ್ಟಿತು. ಅದು 160ನ್ನೂ ದಾಟಿ ಓಡಿತು. ಸಾವಿರಾರು ಜನ ಸೇರುವ ಜಾಗಕ್ಕೆ ಅದು ತಕ್ಕ ಸಂಗೀತವೇ ಇರಬಹುದು. ಅದನ್ನು ಪ್ರೀತಿಸಿ ಕುಣಿದವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಡೆಟ್ರಾಯಿಟ್‌ನವರ ಕಿವಿಗೆ ಅದರಲ್ಲಿ ಏನೋ ಕಳೆದುಹೋಗಿತ್ತು. ಫಂಕ್, ಅಂದರೆ ತಾಳದೊಳಗಿನ ಆ ತೂಗಾಟ, ಹೋಗಿತ್ತು. ಸೊಂಟ ಅಲುಗುವ ಜಾಗ ಹೋಗಿತ್ತು. ಅಷ್ಟು ವೇಗದಲ್ಲಿ ಎರಡು ಬೀಟ್‌ಗಳ ನಡುವೆ ಮೈಗೆ ತೂಗಲು ಸಮಯ ಎಲ್ಲಿದೆ?

ಹುಡ್ ಇದನ್ನು ಸರಿಯಾಗಿಯೇ ಗುರುತಿಸಿದ್ದರು. ಟೆಕ್ನೋದಲ್ಲಿ ಭಾವ ಇಲ್ಲ, ಫಂಕ್ ಇಲ್ಲ ಅಂತ ಜನ ದೂರುತ್ತಿದ್ದಾರೆ. ಅದನ್ನು ತುಂಬಿಸಲು ಸುಲಭದ ದಾರಿ ಅಂದರೆ ಮೇಲೊಂದು ಹಾಡುಗಾರರ ದನಿ, ಒಂದಿಷ್ಟು ಪಿಯಾನೋ ಹಾಕುವುದು. ಅದು ಬೇಡ, ಮೂಲದ ಅಂಡರ್‌ಗ್ರೌಂಡ್‌ಗೆ ವಾಪಸ್ ಹೋಗಬೇಕು ಅನ್ನುವುದು ಅವರ ನಿಲುವು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು ಇದು. ಯಾಕೆಂದರೆ ಕಾಯಿಲೆಯನ್ನು ಅವರು ಬೇರೆ ಥರ ನೋಡಿದರು. ಬೇರೆಯವರು ‘ಏನು ಕಡಿಮೆ ಇದೆ, ಏನು ಸೇರಿಸೋಣ’ ಅಂತ ಕೇಳುತ್ತಿದ್ದರು. ಇವರು ‘ಯಾವುದು ಅಡ್ಡ ನಿಂತಿದೆ’ ಅಂತ ಕೇಳಿದರು. ಫಂಕ್ ಎಲ್ಲಿಗೂ ಹೋಗಿರಲಿಲ್ಲ. ಅದು ಸದ್ದಿನ ರಾಶಿಯ ಕೆಳಗೆ ಸಿಕ್ಕಿಹಾಕಿಕೊಂಡಿತ್ತು.

ಈ ಪ್ರಶ್ನೆ ಹುಡ್ ಒಬ್ಬರದೇ ಆಗಿರಲಿಲ್ಲ. ಡೇನಿಯಲ್ ಬೆಲ್ ಕೂಡ ಅದೇ ಊರಿನಲ್ಲಿ ಇದೇ ದಿಕ್ಕಿಗೆ ಹೊರಟಿದ್ದರು. ನದಿಯ ಆಚೆ ದಡದಲ್ಲಿ, ಕೆನಡಾದ ವಿಂಡ್ಸರ್‌ನಲ್ಲಿ, ರಿಚಿ ಹಾಟಿನ್ 1993ರಲ್ಲೇ ‘ಪ್ಲಾಸ್ಟಿಕ್‌ಮ್ಯಾನ್’ ಹೆಸರಿನ ಮೊದಲ ಆಲ್ಬಂ ಬಿಟ್ಟಿದ್ದರು. ಬರ್ಲಿನ್‌ನಲ್ಲಿ ಮಾರ್ಕ್ ಅರ್ನೆಸ್ಟಸ್ ಮತ್ತು ಮೋರಿಟ್ಜ್ ಫಾನ್ ಓಸ್ವಾಲ್ಡ್ ಜೋಡಿ ಇತ್ತು. ಇವರು ‘ಮಾರಿಟ್ಸಿಯೋ’ ಹೆಸರಿನಲ್ಲಿ ಮಾಡಿದ ‘ಪ್ಲಾಯ್’ ಅನ್ನುವ 1992ರ ಟ್ರ್ಯಾಕ್ ಹುಡ್ ಮತ್ತು ಮಿಲ್ಸ್ ಇಬ್ಬರನ್ನೂ ಹಿಡಿದು ನಿಲ್ಲಿಸಿತು. ಇಂಥದ್ದನ್ನು ಹಿಂದೆ ಕೇಳಿರಲೇ ಇಲ್ಲ ಅಂತ ಹುಡ್ ಹೇಳಿದ್ದಾರೆ. ಸದ್ದುಗಳೆಲ್ಲ ಒಂದರೊಳಗೊಂದು ಸೇರಿ ಸುಮ್ನೆ ಚಲಿಸುತ್ತಲೇ ಇರುವ ಸಂಗೀತ ಅದು. ಅದನ್ನು ನಕಲು ಮಾಡಬೇಕು ಅಂತ ಅವರಿಗೆ ಅನ್ನಿಸಲಿಲ್ಲ. ನನಗೊಂದು ದಾರಿ ಬೇಕು ಅಂದರೆ ಇಷ್ಟೇ ಸ್ವಂತಿಕೆ ಇರುವ ಬೇರೆ ಏನನ್ನಾದರೂ ನಾನೇ ಮಾಡಬೇಕು ಅಂದುಕೊಂಡರು.

ಬರ್ಲಿನ್ ಜೋಡಿಯ ಸಂಗೀತದಲ್ಲಿ ಮಂಜು ಇರುತ್ತದೆ. ಪ್ರತಿಧ್ವನಿ ಎಲ್ಲವನ್ನೂ ಸುತ್ತಿಕೊಂಡಿರುತ್ತದೆ. ಹುಡ್ ಮಂಜನ್ನು ತೆಗೆದುಕೊಳ್ಳಲಿಲ್ಲ. ಅವರ ಸದ್ದು ಒಣಗಿದ್ದು. ಅಂಚುಗಳು ಚೂಪು.

ಸದ್ದು ಸಿಕ್ಕಿದ ದಿನ

ಈಗ ಆ ಜೂನೋ-2 ವಿಷಯಕ್ಕೆ ಬರೋಣ. ಕಾರ್ಡ್ ಸದ್ದು, ಪ್ಯಾಟರ್ನ್, ತಾಳ ಹುಟ್ಟಿಸುವ ಅಂಗ, ಈ ಮೂರೂ ಒಂದೇ ಆಗಿಬಿಟ್ಟವು ಅನ್ನುವ ಅರ್ಥದಲ್ಲಿ ಹುಡ್ ಮಾತಾಡಿದ್ದಾರೆ. ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು.

ಸಾಮಾನ್ಯವಾಗಿ ಒಂದು ಡ್ಯಾನ್ಸ್ ಟ್ರ್ಯಾಕ್‌ನಲ್ಲಿ ಕೆಲಸ ಹಂಚಿಕೆ ಆಗಿರುತ್ತದೆ. ಕಿಕ್ ಡ್ರಮ್, ಅಂದರೆ ಧಮ್ ಅನ್ನುವ ದಪ್ಪ ಏಟು, ನೆಲ ಹಾಕುತ್ತದೆ. ಹೈ-ಹ್ಯಾಟ್, ಅಂದರೆ ಲೋಹದ ಜೋಡಿ ತಾಳದ ಚಿಕ್ಕ ಸದ್ದು, ಓಡಿಸುತ್ತದೆ. ಬೇಸ್ ಲೈನ್ ತೂಗಿಸುತ್ತದೆ. ಕಾರ್ಡ್‌ಗಳು ಮೂಡ್ ಕೊಡುತ್ತವೆ. ಮೇಲೆ ಒಂದು ರಾಗ ಬರುತ್ತದೆ. ಐದು ಕೆಲಸಕ್ಕೆ ಐದು ಆಳು. ಹುಡ್‌ಗೆ ಸಿಕ್ಕ ಸದ್ದು ಒಂದೇ ಆಳಾಗಿ ಇದರಲ್ಲಿ ಮೂರು ಕೆಲಸ ಮಾಡುತ್ತಿತ್ತು. ಅದು ಕಾರ್ಡ್ ಆಗಿದ್ದರಿಂದ ಮೂಡ್ ಇತ್ತು. ಚಿಕ್ಕದಾಗಿ, ಕತ್ತರಿಸಿದ ಹಾಗೆ ಬಾರಿಸಿದ್ದರಿಂದ ಅದೇ ತಾಳವೂ ಆಯಿತು. ಪ್ಯಾಟರ್ನ್ ಏರಿಳಿಯುತ್ತಿದ್ದರಿಂದ ಅದೇ ರಾಗದ ಜಾಗವನ್ನೂ ಹಿಡಿಯಿತು. ಹಾಗಾದ ಮೇಲೆ ಉಳಿದವರಿಗೆ ಕೆಲಸವೇ ಇಲ್ಲ. ಅವರು ತಾವಾಗಿಯೇ ಹೊರಗೆ ಹೋದರು.

ಮಿನಿಮಲ್ ಅಂದರೆ ‘ಕಡಿಮೆ ಇರಬೇಕು’ ಅಂತ ಶುರು ಮಾಡಿ ಒಂದೊಂದೇ ತೆಗೆಯುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲಿ ಕ್ರಮ ತಿರುಗಾ ಮುರುಗಾ. ಮೊದಲು ಸದ್ದು ಸಿಕ್ಕಿತು. ಆಮೇಲೆ ಕಳೆಯುವುದು ತಾನಾಗಿ ನಡೆಯಿತು. ಈ ಕ್ರಮ ಗೊತ್ತಿಲ್ಲದೆ ಮಾಡಿದ ಮಿನಿಮಲ್ ಟ್ರ್ಯಾಕ್‌ಗಳು ಖಾಲಿ ಕೋಣೆಯ ಹಾಗೆ ಇರುತ್ತವೆ. ಹುಡ್ ಅವರದ್ದು ಒಂದೇ ಕುರ್ಚಿ ಇರುವ ಕೋಣೆ. ಆ ಕುರ್ಚಿಯನ್ನು ಅವರು ತುಂಬಾ ಹೊತ್ತು ಹುಡುಕಿ ತಂದಿದ್ದಾರೆ.

ಇನ್ನೊಂದು ಸುಲಭದ ವಿವರಣೆಯೂ ಓಡಾಡುತ್ತದೆ. ದುಡ್ಡಿರಲಿಲ್ಲ, ಮೆಷಿನ್ ಕಡಿಮೆ ಇದ್ದವು, ಅದಕ್ಕೆ ಸಂಗೀತವೂ ಸರಳವಾಯಿತು ಅನ್ನುವುದು. ಇದನ್ನು ನಾನು ಒಪ್ಪುವುದಿಲ್ಲ. ಆ ಕಾಲದ ಟೆಕ್ನೋದವರಲ್ಲಿ ಬಹುಪಾಲು ಜನ ಕೆಲವೇ ಸೆಕೆಂಡ್‌ಹ್ಯಾಂಡ್ ಮೆಷಿನ್‌ಗಳಲ್ಲೇ ಕೆಲಸ ಮಾಡಿದರು. ಅವುಗಳಿಂದಲೇ ಕಿವಿ ಗಡಚಿಕ್ಕುವ ರೆಕಾರ್ಡ್‌ಗಳೂ ಬಂದವು. ಸ್ವತಃ ಹುಡ್ ಒಂದೇ ವರ್ಷದ ಹಿಂದೆ ‘ದಿ ವಿಷನ್’ ಆಗಿ ಅಂಥದ್ದನ್ನೇ ಮಾಡಿದ್ದರು. ಮೆಷಿನ್ ಬದಲಾಗಿರಲಿಲ್ಲ. ತೀರ್ಮಾನ ಬದಲಾಗಿತ್ತು.

ಮೆಷಿನ್‌ಗಳು ಹೇಗೆ ಕೆಲಸ ಮಾಡಿದವು

ಈ ಆಲ್ಬಂನಲ್ಲಿ ಒಂದು ಟ್ರ್ಯಾಕ್‌ನ ಹೆಸರೇ ‘ಎಸ್‌ಎಚ್-101’. ಅದು ರೋಲ್ಯಾಂಡ್ 1982ರಲ್ಲಿ ತಂದ ಸಣ್ಣ ಸಿಂಥ್‌ನ ಹೆಸರು. 32 ಕೀಲಿ. ಸದ್ದು ಹುಟ್ಟಿಸುವ ಆಸಿಲೇಟರ್ ಒಂದೇ. ಒಮ್ಮೆಗೆ ಒಂದೇ ಸ್ವರ. ಬ್ಯಾಟರಿಯಲ್ಲೂ ನಡೆಯುತ್ತದೆ, ಗಿಟಾರ್ ಹಾಗೆ ಹೆಗಲಿಗೆ ಹಾಕಿಕೊಂಡೂ ನುಡಿಸಬಹುದು. ಅದರೊಳಗೆ 100 ಹೆಜ್ಜೆಗಳವರೆಗೆ ನೆನಪಿಟ್ಟುಕೊಳ್ಳುವ ಸೀಕ್ವೆನ್ಸರ್ ಇದೆ. ಸ್ವರಗಳನ್ನು ಒಂದೊಂದಾಗಿ ಒತ್ತಿ ಕೊಟ್ಟರೆ ಸಾಕು, ಅದು ಸುತ್ತಿ ಸುತ್ತಿ ನುಡಿಸುತ್ತಲೇ ಇರುತ್ತದೆ. ಮುಖದ ಮೇಲೆ ಸಾಲಾಗಿ ಸ್ಲೈಡರ್‌ಗಳು. ಪರದೆ ಇಲ್ಲ, ಮೆನು ಇಲ್ಲ. ಫಿಲ್ಟರ್‌ನ ಸ್ಲೈಡರ್ ಒಂದು ಕೂದಲೆಳೆ ಮೇಲೆ ತಳ್ಳಿದರೆ ಸದ್ದಿನ ಮುಖ ಸ್ವಲ್ಪ ತೆರೆದುಕೊಳ್ಳುತ್ತದೆ. ಕೆಳಗೆ ತಂದರೆ ಮುಚ್ಚಿಕೊಳ್ಳುತ್ತದೆ.

ಟೆಕ್ನೋದ ಕಿಕ್ ಅಂದರೆ ಕಣ್ಣ ಮುಂದೆ ಬರುವುದು ರೋಲ್ಯಾಂಡ್‌ನದೇ 1983ರ ಡ್ರಮ್ ಮೆಷಿನ್ ಟಿಆರ್-909. ಸುಮಾರು 10,000 ಮೆಷಿನ್ ಮಾತ್ರ ತಯಾರಾದವು. ಆಗ ಅದು ಸೋತ ಸರಕು. ನಿಜವಾದ ಡ್ರಮ್ ಹಾಗೆ ಕೇಳಿಸಲಿಲ್ಲ ಅಂತ ಜನ ಬಿಟ್ಟರು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದಾಗ ಶಿಕಾಗೋ, ಡೆಟ್ರಾಯಿಟ್ ಹುಡುಗರ ಕೈಗೆ ಬಂತು. ಅದರ ಕಿಕ್ ಸರ್ಕ್ಯೂಟ್‌ನಲ್ಲೇ ಹುಟ್ಟುವ ಸದ್ದು. ಹೈ-ಹ್ಯಾಟ್ ಮಾತ್ರ ನಿಜವಾದ ಲೋಹದ ತಾಳದ ಚಿಕ್ಕ ಡಿಜಿಟಲ್ ರೆಕಾರ್ಡಿಂಗ್, ಅದೂ 6 ಬಿಟ್‌ನದ್ದು, ಅಂದರೆ ಒರಟಾದದ್ದು. ಹಾಗಾಗಿಯೇ ಅದಕ್ಕೆ ಸ್ವಲ್ಪ ಮರಳು ಮರಳಾದ ಹೊಳಪು.

ಇಷ್ಟು ಕಡಿಮೆ ಸಾಮಾನಿನಲ್ಲಿ ಆರು ನಿಮಿಷ ಕೇಳುಗರನ್ನು ಹಿಡಿದಿಡುವುದು ಹೇಗೆ? ಒಂದು ಲೆಕ್ಕ ಮಾಡೋಣ. ನಿಮಿಷಕ್ಕೆ 130 ಬೀಟ್ ಅಂದುಕೊಳ್ಳಿ. ನಾಲ್ಕು ಬೀಟ್‌ಗೆ ಒಂದು ಬಾರ್. ಒಂದು ಬಾರ್‌ಗೆ ಸುಮಾರು 1.85 ಸೆಕೆಂಡು. ಆರು ನಿಮಿಷಕ್ಕೆ 195 ಬಾರ್. ಅಂದರೆ ಒಂದು ಬಾರ್ ಉದ್ದದ ಪ್ಯಾಟರ್ನ್ ಇದ್ದರೆ ಅದನ್ನು ನಾವು ಹತ್ತಿರ ಹತ್ತಿರ ಇನ್ನೂರು ಸಲ ಕೇಳುತ್ತೇವೆ. ಇನ್ನೂರು ಸಲ ಹೇಳಿದರೂ ಬೇಸರ ಆಗಬಾರದು ಅಂದರೆ ಆ ಮಾತು ಎಷ್ಟು ಚೆನ್ನಾಗಿರಬೇಕು, ಅಲ್ವಾ? ಹೂವರ್ ಸದ್ದನ್ನು ಹೀಗೆ ಇನ್ನೂರು ಸಲ ಕೇಳಲು ಆಗುವುದಿಲ್ಲ. ಅದು ಎಲ್ಲವನ್ನೂ ಮೊದಲ ಸಲವೇ ಹೇಳಿಬಿಡುತ್ತದೆ.

ಈ ಬಗೆಯ ಸಂಗೀತದಲ್ಲಿ ಒಂದು ಹಳೆಯ ಉಪಾಯ ಇದೆ. ಒಂದು ಬಾರ್‌ನಲ್ಲಿ 16 ಹೆಜ್ಜೆ. ಕಿಕ್ ನಾಲ್ಕು ನಾಲ್ಕು ಹೆಜ್ಜೆಗೆ ಬೀಳುತ್ತದೆ. ಮೇಲಿನ ಪ್ಯಾಟರ್ನ್ ಮಾತ್ರ ಮೂರು ಹೆಜ್ಜೆಯದ್ದು ಅಂದುಕೊಳ್ಳಿ. ಆಗ ಎರಡೂ ಜೊತೆಯಾಗಿ ಶುರುವಾದರೂ ಕೂಡಲೇ ಬೇರೆಯಾಗುತ್ತವೆ. ಒಂದು ಸಲ ಸ್ವರ ಕಿಕ್‌ನ ಮೇಲೆ ಬೀಳುತ್ತದೆ, ಮುಂದಿನ ಸಲ ಪಕ್ಕಕ್ಕೆ ಜಾರುತ್ತದೆ, ಅದರ ಮುಂದಿನ ಸಲ ಇನ್ನೂ ಜಾರುತ್ತದೆ. ಬಾರ್‌ನ ಆರಂಭದಲ್ಲಿ ಎರಡೂ ಮತ್ತೆ ಕೂಡುವುದು 48 ಹೆಜ್ಜೆ ಆದ ಮೇಲೆ, ಅಂದರೆ ಮೂರು ಬಾರ್‌ಗೊಮ್ಮೆ, ಸುಮಾರು 5.5 ಸೆಕೆಂಡಿಗೊಮ್ಮೆ. ಮೆಷಿನ್ ಏನನ್ನೂ ಬದಲಿಸಿಲ್ಲ. ಆದರೆ ಕೇಳುವವರಿಗೆ ಅದು ಪ್ರತಿ ಸಲ ಹೊಸದಾಗಿ ಕಾಣಿಸುತ್ತದೆ. ಇದರ ಮೇಲೆ ಫಿಲ್ಟರ್ ನಿಧಾನವಾಗಿ ತೆರೆದರೆ, ಎಂಟು ಬಾರ್ ಆದ ಮೇಲೆ ಒಂದು ಹೈ-ಹ್ಯಾಟ್ ಬಂದರೆ, ಅದು ದೊಡ್ಡ ಘಟನೆ. ಗದ್ದಲದ ಟ್ರ್ಯಾಕ್‌ನಲ್ಲಿ ಅದೇ ಹೈ-ಹ್ಯಾಟ್ ಯಾರ ಗಮನಕ್ಕೂ ಬರುತ್ತಿರಲಿಲ್ಲ.

‘ಇಂಟರ್ನಲ್ ಎಂಪೈರ್’ನಲ್ಲಿರುವ ‘ಮೈನಸ್’ ಕೇಳಿದರೆ ಇದು ಮೈಗೆ ಗೊತ್ತಾಗುತ್ತದೆ. ಸಣ್ಣ ಸಣ್ಣ ಸ್ವರಗಳ ಒಂದು ಸಾಲು ಸುತ್ತುತ್ತದೆ, ಅಷ್ಟೇ. ಮೊದಲ ನಿಮಿಷ ನಾನು ಏನಾದರೂ ಆಗಲಿ ಅಂತ ಕಾಯುತ್ತೇನೆ. ಎರಡನೇ ನಿಮಿಷದಲ್ಲಿ ಕಾಯುವುದನ್ನು ಬಿಡುತ್ತೇನೆ. ಆಗ ಆ ಸಾಲಿನೊಳಗೆ ಬೇರೆ ಬೇರೆ ರಾಗಗಳು ಎದ್ದು ಮುಳುಗುವುದು ಕೇಳಿಸತೊಡಗುತ್ತದೆ. ಅವುಗಳನ್ನು ಹುಡ್ ಇಟ್ಟರೋ, ನನ್ನ ಕಿವಿಯೇ ಕಟ್ಟಿಕೊಂಡಿತೋ ಹೇಳುವುದು ಕಷ್ಟ. ಎಷ್ಟು ಸಲ ಕೇಳಿದರೂ ನನಗೆ ಈ ಅನುಭವ ಹಳೆಯದಾಗಿಲ್ಲ.

ಖಾಲಿ ಜಾಗ ಯಾರಿಗೆ

‘ಮಿನಿಮಲ್ ನೇಷನ್’ ಎರಡು ವಿನೈಲ್ ತಟ್ಟೆಗಳಲ್ಲಿ ಬಂತು. ‘ಮ್ಯೂಸಿಯಂ’, ‘ರೈಡ್’, ‘ಯುನಿಕ್ಸ್’, ‘ಒನ್ ಟಚ್’, ‘ರಿದಮ್ ಆಫ್ ವಿಷನ್’, ‘ಸ್ಟೇಷನ್ ರೈಡರ್ ಇ’ ಮುಂತಾದ ಟ್ರ್ಯಾಕ್‌ಗಳು. ಇವು ಮೊದಲು ತಲುಪಬೇಕಾಗಿದ್ದದ್ದು ಡಿಜೆಗಳ ಕೈಗೆ. ಈ ಅಂಶವನ್ನು ಮರೆತರೆ ಆಲ್ಬಂ ಅರ್ಥವಾಗುವುದು ಅರ್ಧ ಮಾತ್ರ.

ಟೆಕ್ನೋ ಡಿಜೆ ಒಂದು ರೆಕಾರ್ಡ್ ಮುಗಿದ ಮೇಲೆ ಇನ್ನೊಂದನ್ನು ಹಾಕುವುದಿಲ್ಲ. ಒಂದರ ಮೇಲೆ ಇನ್ನೊಂದನ್ನು ಕೂರಿಸುತ್ತಾರೆ. ಜೆಫ್ ಮಿಲ್ಸ್ ಅಂತೂ ಮೂರು ಟರ್ನ್‌ಟೇಬಲ್ ಇಟ್ಟುಕೊಂಡು ಆಡುವವರು. ಎರಡೂ ರೆಕಾರ್ಡ್‌ಗಳು ತುಂಬಿ ತುಳುಕುತ್ತಿದ್ದರೆ ಒಟ್ಟಿಗೆ ಹಾಕಿದಾಗ ಬರೀ ಕೆಸರು. ಒಂದರಲ್ಲಿ ಜಾಗ ಬಿಟ್ಟಿದ್ದರೆ ಇನ್ನೊಂದು ಅಲ್ಲಿ ಬಂದು ಕೂರುತ್ತದೆ. ಹಾಗಾಗಿ ಹುಡ್ ಬಿಟ್ಟ ಖಾಲಿ ಜಾಗ ಇನ್ನೊಬ್ಬರ ರೆಕಾರ್ಡ್‌ಗೆ ಕರೆಯೋಲೆ ಇದ್ದ ಹಾಗೆ. ಮನೆಯಲ್ಲಿ ಒಂಟಿಯಾಗಿ ಕೇಳಿದಾಗ ಅರ್ಧಕ್ಕೇ ನಿಂತ ಹಾಗೆ ಅನ್ನಿಸುವ ಟ್ರ್ಯಾಕ್ ಮಿಕ್ಸ್‌ನಲ್ಲಿ ಇದ್ದಕ್ಕಿದ್ದಂತೆ ಪೂರ್ತಿಯಾಗುತ್ತದೆ.

ಆ ವರ್ಷ ಆಕ್ಸಿಸ್‌ನಲ್ಲಿ ಈ ಯೋಚನೆ ಎಷ್ಟು ದೂರ ಹೋಗಿತ್ತು ಅನ್ನುವುದಕ್ಕೆ ಮಿಲ್ಸ್ ಅವರ ‘ಸೈಕಲ್ 30’ ಸಾಕ್ಷಿ. ಅದೂ 1994ರದ್ದೇ. ಅದರಲ್ಲಿ ‘ಲಾಕ್ಡ್ ಗ್ರೂವ್’ಗಳಿವೆ. ಅಂದರೆ ಸೂಜಿ ಮುಂದೆ ಹೋಗದೆ ಒಂದೇ ಸುತ್ತಿನಲ್ಲಿ ತಿರುಗುತ್ತಲೇ ಇರುವ ಗೀರು. ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ಸ್ವಲ್ಪ ಜಾಸ್ತಿ ಸುತ್ತು ತಿರುಗುವ ತಟ್ಟೆಯಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಆ ಒಂದು ಸುತ್ತಿನಲ್ಲಿ ನಾಲ್ಕು ಬೀಟ್ ಇಟ್ಟರೆ ನಿಮಿಷಕ್ಕೆ 133ಕ್ಕಿಂತ ಕೊಂಚ ಮೇಲೆ ಬರುತ್ತದೆ. ನೋಡಿ, ಟೆಕ್ನೋದ ನಡಿಗೆಗೂ ವಿನೈಲ್ ತಟ್ಟೆಯ ತಿರುಗುವಿಕೆಗೂ ಎಷ್ಟು ಚೆನ್ನಾಗಿ ಹೊಂದುತ್ತದೆ. ಈ ಲೆಕ್ಕ ಮೊದಲ ಸಲ ಹಾಕಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಎಲ್ಲವೂ ಗೆದ್ದಿತಾ ಅಂದರೆ, ಇಲ್ಲ. ಪ್ರಾಮಾಣಿಕವಾಗಿ ಹೇಳುತ್ತೇನೆ, ‘ಮಿನಿಮಲ್ ನೇಷನ್’ ಅನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳುವುದು ಸುಲಭ ಅಲ್ಲ. ಕೆಲವು ಟ್ರ್ಯಾಕ್‌ಗಳು ಡಿಜೆಗೆ ಒಳ್ಳೆಯ ಸಲಕರಣೆ, ಅಷ್ಟಕ್ಕೇ ಮುಗಿಯುತ್ತವೆ. ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಇಡೀ ಆಲ್ಬಂ ಬರೀ ಟಿಕ್ ಟಿಕ್ ಅಂತಷ್ಟೇ ಕೇಳಿಸುತ್ತದೆ. ಕಿಕ್‌ನ ಕೆಳಗಿನ ತೂಕ ಕೇಳಿಸದಿದ್ದರೆ ಮೇಲಿನ ಪ್ಯಾಟರ್ನ್‌ಗೆ ನಿಲ್ಲಲು ನೆಲವೇ ಇರುವುದಿಲ್ಲ. ಆಲ್ಬಂ ಆಗಿ ಕೂತು ಕೇಳಲು ‘ಇಂಟರ್ನಲ್ ಎಂಪೈರ್’ ಮೇಲು ಅಂತ ನನ್ನ ಅಭಿಪ್ರಾಯ. ಅಲ್ಲಿ ಬೆಳಕು ನೆರಳು ಜಾಸ್ತಿ ಇದೆ, ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಹೋಗುವಾಗ ಉಸಿರು ಬದಲಾಗುತ್ತದೆ.

ಆಮೇಲೆ ಏನಾಯಿತು

ಮಿನಿಮಲ್ ಅನ್ನುವ ಪದ ಹುಡ್ ಕೈಯಿಂದ ಜಾರಿ ದೊಡ್ಡ ಊರು ಸುತ್ತಿತು. ಹಾಟಿನ್ 1998ರಲ್ಲಿ ಮೈನಸ್ ಅಂತಲೇ ಲೇಬಲ್ ಶುರು ಮಾಡಿದರು. ಜರ್ಮನಿಯಲ್ಲಿ ಕೊಂಪಾಕ್ಟ್, ಪೆರ್ಲಾನ್ ಮುಂತಾದ ಲೇಬಲ್‌ಗಳು ತಮ್ಮದೇ ದಾರಿ ಮಾಡಿಕೊಂಡವು. ಚಿಲಿಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದ ರಿಕಾರ್ಡೋ ವಿಲಲೋಬೋಸ್ 2003ರಲ್ಲಿ ತಮ್ಮ ಮೊದಲ ಆಲ್ಬಂ ‘ಅಲ್ಕಚೋಫಾ’ ಬಿಟ್ಟರು. 2000ದ ದಶಕದ ಮಧ್ಯಕ್ಕೆ ‘ಮಿನಿಮಲ್’ ಕ್ಲಬ್‌ಗಳ ಫ್ಯಾಷನ್ ಆಯಿತು. ಅದರಲ್ಲಿ ಒಳ್ಳೆಯದೂ ಬಂತು, ಸಣ್ಣ ಸಣ್ಣ ಕ್ಲಿಕ್ ಸದ್ದುಗಳನ್ನು ಚೆಲ್ಲಿ ಬಿಟ್ಟ ನಿರ್ಜೀವ ಟ್ರ್ಯಾಕ್‌ಗಳೂ ಬಂದವು. ಕಳೆಯುವುದನ್ನು ಎಲ್ಲರೂ ಕಲಿತರು. ಏನನ್ನು ಉಳಿಸಬೇಕು ಅನ್ನುವುದನ್ನು ಕೆಲವರು ಮಾತ್ರ ಹುಡುಕಿದರು. ಹೊಸದಾಗಿ ಟ್ರ್ಯಾಕ್ ಮಾಡುವ ಗೆಳೆಯರಿಗೆ ನಾನು ಹೇಳುವುದೂ ಇದನ್ನೇ. ಎಂಟು ಚಾನಲ್ ಮ್ಯೂಟ್ ಮಾಡುವ ಮೊದಲು ಉಳಿದ ಆ ಒಂದು ಚಾನಲ್ ಅನ್ನು ಅರ್ಧ ಗಂಟೆ ಒಂದೇ ಸಮನೆ ಕೇಳಿ. ಅಷ್ಟು ಹೊತ್ತು ಅದು ನಿಮ್ಮನ್ನು ಹಿಡಿದಿಟ್ಟುಕೊಳ್ಳದಿದ್ದರೆ ಮ್ಯೂಟ್ ಬಟನ್ನಿನಿಂದ ಏನೂ ಆಗುವುದಿಲ್ಲ.

2009ರಲ್ಲಿ ಹುಡ್ ‘ಮಿನಿಮಲ್ ನೇಷನ್’ ಅನ್ನು ತಮ್ಮ ಎಂ-ಪ್ಲಾಂಟ್‌ನಿಂದ ಮತ್ತೆ ಬಿಟ್ಟರು. ಫ್ಯಾಷನ್ನಿನ ಅಲೆ ಇಳಿಯುತ್ತಿದ್ದ ಹೊತ್ತು ಅದು. ಹದಿನೈದು ವರ್ಷ ಹಳೆಯ ಆ ಟ್ರ್ಯಾಕ್‌ಗಳನ್ನು ಆ ವರ್ಷದ ಹೊಸ ರೆಕಾರ್ಡ್‌ಗಳ ಪಕ್ಕದಲ್ಲಿ ಇಟ್ಟು ಕೇಳಿದರೆ ಇವಕ್ಕೇ ಜೀವ ಹೆಚ್ಚು ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ಕಾರಣ ಅವರು ಮೊದಲೇ ಹೇಳಿದ್ದ ಆ ಫಂಕ್. ‘ರೈಡ್’ ಎಷ್ಟೇ ಒಣಗಿದ್ದರೂ ಅದು ತೂಗುತ್ತದೆ.

ಹುಡ್ ಈ ನಡುವೆ ಡೆಟ್ರಾಯಿಟ್ ಬಿಟ್ಟು ಅಲಬಾಮಾಕ್ಕೆ ಹೋದರು. ಕ್ರೈಸ್ತ ಪಾದ್ರಿಯಾದರು. ಅವರ ‘ಫ್ಲೋರ್‌ಪ್ಲಾನ್’ ಅನ್ನುವ ಇನ್ನೊಂದು ಹೆಸರಿಗೆ ಆಮೇಲೆ ಮಗಳು ಲಿರಿಕ್ ಕೂಡ ಜೊತೆಯಾದರು. ಫ್ಲೋರ್‌ಪ್ಲಾನ್‌ನ 2013ರ ‘ಪ್ಯಾರಡೈಸ್’ ಆಲ್ಬಂನಲ್ಲಿ ‘ನೆವರ್ ಗ್ರೋ ಓಲ್ಡ್’ ಅನ್ನುವ ಟ್ರ್ಯಾಕ್ ಇದೆ. ಅದರಲ್ಲಿ ಕೇಳಿಸುವುದು ಡೆಟ್ರಾಯಿಟ್‌ನಲ್ಲೇ ಬೆಳೆದ ಗಾಯಕಿ ಅರೇಥಾ ಫ್ರಾಂಕ್ಲಿನ್ ಅವರ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ದನಿ. ಭಾವ ತುಂಬಿಸಲು ಮೇಲೊಂದು ದನಿ ಹಾಕುವುದು ಸುಲಭದ ದಾರಿ ಅಂದಿದ್ದ ಅದೇ ಹುಡ್ ಇವರು. ಹಾಗಾಗಿ ನಾನು ಆ ಟ್ರ್ಯಾಕ್ ಅನ್ನು ತುಂಬಾ ಗಮನ ಇಟ್ಟು ಕೇಳಿದೆ. ದನಿಯನ್ನು ಅವರು ಮೇಲೆ ಹಾಕಿಲ್ಲ. ಅದರಿಂದ ಒಂದು ತುಣುಕು ತೆಗೆದು, 1994ರ ಆ ಕಾರ್ಡ್ ಅನ್ನು ಸುತ್ತಿಸಿದ ಹಾಗೆಯೇ ಸುತ್ತಿಸಿದ್ದಾರೆ. ತಾಳವೂ ಅದೇ, ರಾಗವೂ ಅದೇ, ಮೂಡೂ ಅದೇ. ಕೆಳಗೆ ಕಿಕ್ ನಡೆಯುತ್ತದೆ. ಮೇಲೆ ಆ ದನಿ ಮತ್ತೆ ಮತ್ತೆ ಏಳುತ್ತದೆ.